ರಿಕವರಿ ಪಾರ್ಟಿಷನ್ ಉಳಿಸಿಕೊಂಡು ವಿಂಡೋಸ್ ಮತ್ತೆ ಹಾಕಬಹುದಾ? ಅಂಗಡಿಯವರು ಎಲ್ಲಾ ಅಳಿಸಬೇಕು ಅನ್ನುತ್ತಿದ್ದಾರೆ

ಪ್ರಶ್ನೆ: ಡಿಟಿಪಿ ಅಕ್ಕ, ತಿಪಟೂರು

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನನ್ನದೊಂದು ಚಿಕ್ಕ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಜಾತ್ರೆಯ ಕರಪತ್ರ, ತಿಥಿ ಕಾರ್ಡು, ಇವೇ ನನ್ನ ಕೆಲಸ. ಹೆಚ್ಚಿನದೆಲ್ಲಾ ಹಳೇ ನುಡಿ ಅಕ್ಷರದಲ್ಲಿ, ಪೇಜ್‌ಮೇಕರ್ 7ರಲ್ಲಿ.

ಲ್ಯಾಪ್‌ಟಾಪ್ 2019ರಲ್ಲಿ ತಗೊಂಡಿದ್ದು. 8ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10 ಹೋಮ್ ಅದರ ಜೊತೆಗೇ ಬಂದಿತ್ತು. ಈಗ ಬೆಳಿಗ್ಗೆ ಆನ್ ಮಾಡಿದರೆ ಕೆಲಸಕ್ಕೆ ಸಿಗಲು ಹತ್ತು ನಿಮಿಷ ಬೇಕು. ಗಿರಾಕಿ ಎದುರಿಗೆ ನಿಂತಿರುತ್ತಾರೆ, ನಾನು ಪರದೆ ನೋಡುತ್ತಾ ಕೂತಿರುತ್ತೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಹೇಗೂ ಹೊಸದಾಗಿ ಹಾಕಬೇಕು, ವಿಂಡೋಸ್ 11ನ್ನೇ ಹಾಕೋಣ ಅಂದುಕೊಂಡಿದ್ದೇನೆ.

ಊರಿನಲ್ಲಿ ಒಬ್ಬರು ರಿಪೇರಿಯವರ ಹತ್ತಿರ ತೋರಿಸಿದೆ. ಅವರು ಡಿಸ್ಕಿನ ಪಾಲುಗಳನ್ನು (ಪಾರ್ಟಿಷನ್) ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, "ನೋಡಿ ಮೇಡಂ, ಈ ರಿಕವರಿ ಅಂತ ಇರೋದೆಲ್ಲಾ ಖಾಲಿ. 100% ಫ್ರೀ ಅಂತ ಅದೇ ಹೇಳ್ತಿದೆ. ಸುಮ್ನೆ ಜಾಗ ತಿಂತಿದೆ. ಎಲ್ಲಾ ಕ್ಲೀನ್ ಮಾಡಿ ಹಾಕ್ತೀನಿ" ಅಂದರು. ನನಗೆ ಯಾಕೋ ಧೈರ್ಯ ಬರಲಿಲ್ಲ. ವಾಪಸ್ ತಂದೆ.

ಅಲ್ಲಿ ಕಂಡಿದ್ದನ್ನು ಆರ್ಡರ್ ಪುಸ್ತಕದ ಹಿಂಬದಿಯಲ್ಲಿ ಹೀಗೆ ಬರೆದುಕೊಂಡು ಬಂದಿದ್ದೇನೆ. ಮೊದಲನೆಯದು 260 ಎಂಬಿ, ಇಎಫ್‌ಐ ಸಿಸ್ಟಮ್ ಅಂತ ಇದೆ. ಆಮೇಲೆ ಸಿ, 400 ಜಿಬಿ. ಆಮೇಲೆ ಡಿ, 514.7 ಜಿಬಿ. ಕೊನೆಯಲ್ಲಿ 980 ಎಂಬಿಯದು ಒಂದು, 15.6 ಜಿಬಿಯದು ಒಂದು, ಎರಡಕ್ಕೂ ರಿಕವರಿ ಅಂತಲೇ ಇದೆ. ಅವುಗಳ ಮೇಲೆ ರೈಟ್ ಕ್ಲಿಕ್ ಮಾಡಿದರೆ ಹೆಲ್ಪ್ ಅನ್ನುವುದು ಬಿಟ್ಟು ಬೇರೇನೂ ಬರುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇವು ನಿಜವಾಗಿ ಖಾಲಿನಾ? ಇವನ್ನು ಉಳಿಸಿಕೊಂಡು ಸಿ ಮಾತ್ರ ಹೊಸದು ಮಾಡಲು ಆಗುತ್ತದಾ? ಡಿಯಲ್ಲಿ ಆರು ವರ್ಷದ ಪತ್ರಿಕೆಗಳಿವೆ. ಮಾಘದ ಲಗ್ನಗಳು ಹತ್ತಿರ ಬರುತ್ತಿವೆ, ಎರಡು ದಿನಕ್ಕಿಂತ ಜಾಸ್ತಿ ಅಂಗಡಿ ನಿಲ್ಲಿಸಲು ಆಗುವುದಿಲ್ಲ.


ಉತ್ತರ: ಪೀಣ್ಯದಿಂದ ಒಬ್ಬ

ಮೇಡಂ, ಪೆನ್‌ಡ್ರೈವ್ ಎಲ್ಲಾ ಯಾಕೆ? ಸೆಟ್ಟಿಂಗ್ಸ್, ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ರಿಕವರಿ. ಅಲ್ಲಿ ರೀಸೆಟ್ ದಿಸ್ ಪಿಸಿ ಅಂತ ಇದೆ. ಕೀಪ್ ಮೈ ಫೈಲ್ಸ್ ಒತ್ತಿ. 2020ರ ಮೇ ತಿಂಗಳ ಆವೃತ್ತಿಯಿಂದ ಈಚೆಗೆ ಕ್ಲೌಡ್ ಡೌನ್‌ಲೋಡ್ ಅಂತ ಇನ್ನೊಂದು ದಾರಿಯೂ ಕೊಡುತ್ತದೆ, ಹೊಸ ವಿಂಡೋಸ್ ಕಡತಗಳನ್ನು ನೆಟ್‌ನಿಂದಲೇ ತರಿಸಿಕೊಳ್ಳುತ್ತದೆ. ರಿಕವರಿ ಪಾರ್ಟಿಷನ್ ತಂಟೆಗೆ ಹೋಗುವುದಿಲ್ಲ. ನಾನು ಆಫೀಸಿನಲ್ಲಿ ಎಷ್ಟೋ ಸಲ ಮಾಡಿದ್ದೇನೆ.


ಉತ್ತರ: ಹಳೇ ರಿಪೇರಿಯವ, ದಾವಣಗೆರೆ

ಅಕ್ಕಾವ್ರೇ, ನೀವು ವಾಪಸ್ ತಂದಿದ್ದು ಒಳ್ಳೆಯದಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ನಿಧಾನವಾಗಿ ಓದಿ.

ಮೊದಲು ಆ 100% ಫ್ರೀ ವಿಚಾರ. ಅದು ಖಾಲಿ ಅಲ್ಲ. ರಿಕವರಿ ಪಾರ್ಟಿಷನ್ ಒಳಗೆ ಏನಿದೆ ಅಂತ ಡಿಸ್ಕ್ ಮ್ಯಾನೇಜ್‌ಮೆಂಟ್ ನೋಡುವುದೇ ಇಲ್ಲ, ಹಾಗಾಗಿ ಎಲ್ಲಾ ಖಾಲಿ ಅಂತ ತೋರಿಸುತ್ತದೆ. ಬೀಗ ಹಾಕಿದ ಕೋಣೆಯ ಹೊರಗೆ ನಿಂತು ಒಳಗೆ ಯಾರೂ ಇಲ್ಲ ಅಂದ ಹಾಗೆ. ಈ ಒಂದು ಸಾಲು ನೋಡಿ ರಿಕವರಿ ಅಳಿಸಿಕೊಂಡವರನ್ನು ನಾನು ಬಹಳ ಮಂದಿ ನೋಡಿದ್ದೇನೆ.

ಇದರ ಬಗ್ಗೆ ನನಗೆ ಯಾಕೆ ಇಷ್ಟು ಕಾಳಜಿ ಅಂದರೆ, 2012ರಲ್ಲಿ ನಾನೇ ಈ ತಪ್ಪು ಮಾಡಿದ್ದೆ. ಆಗ ವಿಂಡೋಸ್ 7 ಕಾಲ. ಡಿಸ್ಕ್‌ಗಳು ಎಂಬಿಆರ್ ಅನ್ನುವ, ಡಿಸ್ಕನ್ನು ಪಾಲು ಮಾಡುವ ಹಳೇ ಪದ್ಧತಿಯವು, ಅದರಲ್ಲಿ ಪ್ರೈಮರಿ ಪಾರ್ಟಿಷನ್ ನಾಲ್ಕಕ್ಕಿಂತ ಜಾಸ್ತಿ ಆಗುವುದಿಲ್ಲ. ಕಂಪನಿಯವರೇ ನಾಲ್ಕೂ ತುಂಬಿಸಿ ಕಳಿಸುತ್ತಿದ್ದರು. ಕಾಲೇಜು ಹುಡುಗಿಯೊಬ್ಬಳು ತನ್ನ ಲ್ಯಾಪ್‌ಟಾಪ್‌ಗೆ ಇನ್ನೊಂದು ಡ್ರೈವ್ ಬೇಕು ಅಂದಳು. ನಾಲ್ಕರಲ್ಲಿ ಒಂದು ಅಳಿಸದೆ ದಾರಿ ಇರಲಿಲ್ಲ. ರಿಕವರಿ ಅಳಿಸಿದೆ. ಆರು ತಿಂಗಳಿಗೆ ವಿಂಡೋಸ್ ಕೆಟ್ಟಿತು. ಮತ್ತೆ ಹಾಕೋಣ ಅಂತ ತಿರುಗಿಸಿ ನೋಡಿದರೆ, ಅಡಿಯಲ್ಲಿ ಅಂಟಿಸಿದ್ದ, ವಿಂಡೋಸ್ ಅಸಲಿ ಅಂತ ಒಪ್ಪಿಸುವ ಕೀಯ ಸ್ಟಿಕ್ಕರ್ ತೊಡೆಯ ಬೆವರಿಗೆ ಉಜ್ಜಿ ಬಿಳಿ ಆಗಿತ್ತು. 25 ಅಕ್ಷರದಲ್ಲಿ ಓದಲು ಸಿಕ್ಕಿದ್ದು ಒಂಬತ್ತು. ಅವಳು ದುಡ್ಡು ಕೊಟ್ಟು ಕೊಂಡಿದ್ದ ಅಸಲಿ ವಿಂಡೋಸ್ ಕೀ ಕೇಳದೆ ಬರುತ್ತಿದ್ದದ್ದು ಆ ರಿಕವರಿಯಿಂದ ಮಾತ್ರ. ಅದನ್ನು ನಾನು ಅಳಿಸಿದ್ದೆ. ಆ ಹುಡುಗಿ ಏನೂ ಬೈಯಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ನಿಮ್ಮ ಕಾಲಕ್ಕೆ ಅಷ್ಟು ಕಷ್ಟ ಇಲ್ಲ. ವಿಂಡೋಸ್ 8ರಿಂದ ಈಚೆಗೆ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್ (ಬೋರ್ಡಿನಲ್ಲೇ ಕೂತಿರುವ ಸಾಫ್ಟ್‌ವೇರ್) ಒಳಗೇ ಇಟ್ಟು ಕಳಿಸುತ್ತಾರೆ. ಅದೇ ಹೋಮ್ ಆವೃತ್ತಿ ಹಾಕಿ ನೆಟ್ ಕೊಟ್ಟರೆ ತಾನಾಗಿ ಆಕ್ಟಿವೇಟ್ ಆಗುತ್ತದೆ. 11ಕ್ಕೂ ಅದೇ ನಡೆಯುತ್ತದೆ. ನಿಮ್ಮ 8ನೇ ತಲೆಮಾರಿನ ಐ5 ವಿಂಡೋಸ್ 11ರ ಪಟ್ಟಿಯಲ್ಲಿದೆ.

ಈಗ ನಿಮ್ಮ ಆ ಎರಡು ರಿಕವರಿಗಳು. ಹೆಸರು ಒಂದೇ, ಕೆಲಸ ಬೇರೆ ಬೇರೆ.

980 ಎಂಬಿಯದು ಮೈಕ್ರೋಸಾಫ್ಟ್‌ನದು. ವಿಂಡೋಸ್ ಎದ್ದೇಳದೆ ಇದ್ದಾಗ ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಸ್ಟಾರ್ಟಪ್ ರಿಪೇರ್, ಕಮಾಂಡ್ ಪ್ರಾಂಪ್ಟ್ ಎಲ್ಲಾ ಬರುತ್ತದಲ್ಲ, ಅದು ಇರುವ ಮನೆ. ವಿಂಡೋಸ್ ಪೂರ್ತಿ ಇದರಲ್ಲಿ ಇಲ್ಲ. ರಿಪೇರಿ ಪೆಟ್ಟಿಗೆ ಅಷ್ಟೇ. ಇದನ್ನು ಸಣ್ಣದು ಅಂತ ಕಡೆಗಣಿಸಬಾರದು. 2024ರ ಜನವರಿ 9ಕ್ಕೆ ವಿಂಡೋಸ್ 10ಕ್ಕೆ ಒಂದು ಸೆಕ್ಯುರಿಟಿ ಅಪ್‌ಡೇಟ್ ಬಂತು. ಈ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಇಲ್ಲದ ಯಂತ್ರಗಳಲ್ಲೆಲ್ಲಾ ಅದು ಫೇಲ್ ಆಯಿತು. ಇಡೀ ತಿಂಗಳು ಅಂಗಡಿಗೆ ಅದೇ ದೂರು.

15.6 ಜಿಬಿಯದು ಲ್ಯಾಪ್‌ಟಾಪ್ ಕಂಪನಿಯದು. ಕಾರ್ಖಾನೆಯಿಂದ ಹೊರಟ ದಿನ ನಿಮ್ಮ ಯಂತ್ರ ಹೇಗಿತ್ತೋ ಹಾಗೆ ಮಾಡುವ ಸಾಮಾನು, ಡ್ರೈವರ್ ಸಮೇತ. ಅದನ್ನು ತೆರೆಯಲು ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಹಿಡಿದು ಎಫ್10, ಆಸುಸ್‌ನಲ್ಲಿ ಎಫ್9, ಲೆನೋವೋದಲ್ಲಿ ನೋವೋ ಅನ್ನುವ ಚಿಕ್ಕ ಗುಂಡಿ, ಹೀಗೆ ಒಬ್ಬೊಬ್ಬರದು ಒಂದೊಂದು ಗುಂಡಿ. ಆದರೆ ಒಂದು ಎಚ್ಚರ. ಇದನ್ನು ಬಳಸಿದರೆ 2019ರ ವಿಂಡೋಸ್ 10 ಬಂದು ಕೂರುತ್ತದೆ. ಜೊತೆಗೆ ಎಷ್ಟೋ ಕಂಪನಿಗಳ ರಿಕವರಿ ಇಡೀ ಡಿಸ್ಕನ್ನೇ ಹಳೇ ರೂಪಕ್ಕೆ ತರುತ್ತದೆ, ನೀವು ಮಾಡಿಕೊಂಡ ಡಿ ಡ್ರೈವ್ ಉಳಿಯುವುದಿಲ್ಲ. ಅದಕ್ಕೇ ಹೇಳುವುದು, ರಿಕವರಿ ಪಾರ್ಟಿಷನ್ ಇದೆ ಅಂದರೆ ನಿಮ್ಮ ಕಡತಗಳಿಗೆ ಬ್ಯಾಕಪ್ ಇದೆ ಅಂತ ಅಲ್ಲವೇ ಅಲ್ಲ. ಅದರಲ್ಲಿ ನಿಮ್ಮ ಒಂದು ಲಗ್ನಪತ್ರಿಕೆಯೂ ಇಲ್ಲ.

ಹಾಗಾದರೆ ಉಳಿಸಿಕೊಳ್ಳಬೇಕಾ? ಉಳಿಸಿಕೊಳ್ಳಿ. 931 ಜಿಬಿಯಲ್ಲಿ 16 ಜಿಬಿ ಏನು ದೊಡ್ಡದಲ್ಲ. ನಾಳೆ ಲ್ಯಾಪ್‌ಟಾಪ್ ಮಾರುವುದಾದರೆ ಅದೇ ಉಪಯೋಗಕ್ಕೆ ಬರುತ್ತದೆ.

ಅಂಗಡಿಯವರು ಎಲ್ಲಾ ಯಾಕೆ ಅಳಿಸುತ್ತಾರೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಅದು ಕೆಟ್ಟ ಬುದ್ಧಿಯಿಂದ ಅಲ್ಲ. ಎಲ್ಲಾ ಯಂತ್ರಕ್ಕೂ ಒಂದೇ ಪೆನ್‌ಡ್ರೈವ್ ಇಟ್ಟುಕೊಂಡಿರುತ್ತಾರೆ. ಅದು ಹಳೇ ಲೆಗಸಿ ಪದ್ಧತಿಯಲ್ಲಿ ಬೂಟ್ ಆಗುತ್ತದೆ, ಅಂದರೆ ಯಂತ್ರವನ್ನು ಎಬ್ಬಿಸುತ್ತದೆ. ನಿಮ್ಮ ಡಿಸ್ಕ್ ಹೊಸ ಜಿಪಿಟಿ ಪದ್ಧತಿಯದು. ಆಗ ಇನ್‌ಸ್ಟಾಲರ್, ಈ ಡಿಸ್ಕ್ ಜಿಪಿಟಿ, ಇದರಲ್ಲಿ ವಿಂಡೋಸ್ ಹಾಕಲು ಆಗುವುದಿಲ್ಲ ಅಂತ ನಿಲ್ಲುತ್ತದೆ. ಅವರು ಶಿಫ್ಟ್ ಹಿಡಿದು ಎಫ್10 ಒತ್ತಿ ಕಪ್ಪು ಪರದೆ ತೆರೆದು, ಡಿಸ್ಕ್‌ಪಾರ್ಟ್, ಕ್ಲೀನ್ ಅಂತ ಹೊಡೆಯುತ್ತಾರೆ. ಕ್ಲೀನ್ ಅನ್ನುವ ಆ ಒಂದು ಪದಕ್ಕೆ ಡಿಸ್ಕಿನ ಎಲ್ಲಾ ಪಾರ್ಟಿಷನ್ ಹೋಗುತ್ತದೆ. ಖಾತ್ರಿ ಮಾಡಿಕೊಳ್ಳಲು ಒಂದು ಪ್ರಶ್ನೆ ಕೂಡಾ ಕೇಳುವುದಿಲ್ಲ. ಎರಡು ಸೆಕೆಂಡಿನ ಕೆಲಸ. ನಿಜಕ್ಕೂ ಮಾಡಬೇಕಾದ್ದು ಬೂಟ್ ಮೆನುವಿನಲ್ಲಿ ಅದೇ ಪೆನ್‌ಡ್ರೈವ್‌ನ ಯುಇಎಫ್‌ಐ (ಬೂಟ್ ಆಗುವ ಹೊಸ ಪದ್ಧತಿ) ಅಂತ ಶುರುವಾಗುವ ಸಾಲನ್ನು ಆರಿಸುವುದು, ಅಷ್ಟೇ.

ಪೀಣ್ಯದ ಗೆಳೆಯರು ಹೇಳಿದ ರೀಸೆಟ್ ತಪ್ಪಲ್ಲ. ಆದರೆ ಕೀಪ್ ಮೈ ಫೈಲ್ಸ್ ಅಂದರೂ ನೀವು ಹಾಕಿಕೊಂಡ ಸಾಫ್ಟ್‌ವೇರ್ ಎಲ್ಲಾ ಹೋಗುತ್ತದೆ. ಪೇಜ್‌ಮೇಕರ್, ನುಡಿ ಎರಡೂ. ಹೋದವುಗಳ ಪಟ್ಟಿಯನ್ನು ಡೆಸ್ಕ್‌ಟಾಪ್ ಮೇಲೆ ಇಟ್ಟಿರುತ್ತದೆ. ಮತ್ತೆ ನಿಮಗೆ ಸಿಗುವುದು ಇದೇ ವಿಂಡೋಸ್ 10.

ಇನ್ನು ಕೆಲಸ. ಪೆನ್‌ಡ್ರೈವ್ ಮುಟ್ಟುವ ಮೊದಲು ಡಿಸ್ಕ್ ಆರೋಗ್ಯ ನೋಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ, ಮೇಲೆ ಗುಡ್ ಅಂತ ನೀಲಿಯಲ್ಲಿ ಬರಬೇಕು. ಹಳದಿಯಲ್ಲಿ ಕಾಷನ್ ಅಂತ ಬಂದರೆ ಎಲ್ಲಾ ನಿಲ್ಲಿಸಿ ಇಲ್ಲಿ ಬರೆಯಿರಿ. ಸಾಯುತ್ತಿರುವ ಡಿಸ್ಕ್ ಮೇಲೆ ಹೊಸ ವಿಂಡೋಸ್ ಹಾಕಿ ಉಪಯೋಗ ಇಲ್ಲ.

ಗುಡ್ ಅಂತ ಬಂದರೆ ಎರಡು ಪೆನ್‌ಡ್ರೈವ್ ತಗೊಳ್ಳಿ. 32 ಜಿಬಿಯದಕ್ಕೆ ಕ್ರಿಯೇಟ್ ಎ ರಿಕವರಿ ಡ್ರೈವ್ ಅಂತ ಸರ್ಚ್‌ನಲ್ಲಿ ಹುಡುಕಿ, ಬ್ಯಾಕಪ್ ಸಿಸ್ಟಮ್ ಫೈಲ್ಸ್‌ಗೆ ಟಿಕ್ ಹಾಕಿ ಮಾಡಿಕೊಳ್ಳಿ. ರಾತ್ರಿ ಹಚ್ಚಿ ಮಲಗಿ, ಗಂಟೆಗಟ್ಟಲೆ ಹಿಡಿಯುತ್ತದೆ. ಕೊನೆಗೆ ಕೆಲವು ಯಂತ್ರಗಳಲ್ಲಿ, ರಿಕವರಿ ಪಾರ್ಟಿಷನ್ ಅಳಿಸಿ ಜಾಗ ಉಳಿಸಲಾ ಅಂತ ಕೇಳುತ್ತದೆ. ಅಲ್ಲಿ ಬೇಡ ಅನ್ನಿ. ಇನ್ನೊಂದಕ್ಕೆ 8 ಜಿಬಿ ಸಾಕು, ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ 11 ತುಂಬಿಸಿಕೊಳ್ಳಿ. ಎರಡರಲ್ಲೂ ಮೊದಲಿದ್ದದ್ದು ಅಳಿಸಿಹೋಗುತ್ತದೆ, ಗಿರಾಕಿಗಳ ಪೆನ್‌ಡ್ರೈವ್ ಬಳಸಬೇಡಿ.

ಸಿಯಲ್ಲಿ ಇರುವುದನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ತೆಗೆಯಿರಿ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಸಿಯಲ್ಲೇ ಇರುತ್ತವೆ, ಮರೆಯಬೇಡಿ. ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿ. ನಿಮಗೆ ಗೊತ್ತೇ ಇರುತ್ತದೆ, ಹಳೇ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು. ಫಾಂಟ್ ಇಲ್ಲದಿದ್ದರೆ 'ಕನ್ನಡ' ಅನ್ನುವ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಇಂಥವು ಕಾಣುತ್ತವೆ. ಕಡತ ಕೆಟ್ಟಿರುವುದಿಲ್ಲ, ಆದರೆ ಜನ ಹೆದರಿ ಅಳಿಸಿಬಿಡುತ್ತಾರೆ. ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ದರೆ ಅದು ಯಾವ ಮೈಕ್ರೋಸಾಫ್ಟ್ ಖಾತೆಗೆ ಸೇರಿದೆ ಅಂತ ನೋಡಿ ಬರೆದಿಟ್ಟುಕೊಳ್ಳಿ. ಆಮೇಲೆ ಅದೇ ಖಾತೆಯಿಂದ ಇಳಿಸಿಕೊಳ್ಳಬೇಕು.

ಕೊನೆಗೆ ಕಮಾಂಡ್ ಪ್ರಾಂಪ್ಟನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಅಂತ ತೆರೆದು ರೀಏಜೆಂಟ್‌ಸಿ ಅಂತ ಒಂದೇ ಪದವಾಗಿ ಹೊಡೆಯಿರಿ, ಒಂದು ಸ್ಪೇಸ್ ಬಿಟ್ಟು ಸ್ಲ್ಯಾಶ್ ಇನ್ಫೋ. ಎನೇಬಲ್ಡ್ ಅಂತ ಬಂದು, ಅದರ ಕೆಳಗೆ ಯಾವ ಪಾರ್ಟಿಷನ್ ಅಂತ ಸಂಖ್ಯೆ ಇರುತ್ತದೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್ ಪಟ್ಟಿ ಬರುತ್ತದೆ. ನಿಮ್ಮ ಆರ್ಡರ್ ಪುಸ್ತಕದಲ್ಲಿ ಇಲ್ಲದ 16 ಎಂಬಿಯದು ಒಂದು ಅಲ್ಲಿ ಹೊಸದಾಗಿ ಕಾಣುತ್ತದೆ. ಗಾಬರಿ ಬೇಡ, ಅದು ಎಂಎಸ್‌ಆರ್, ವಿಂಡೋಸ್ ತನಗೆ ಅಂತ ಕಾದಿರಿಸಿಕೊಂಡ ಜಾಗ, ಡಿಸ್ಕ್ ಮ್ಯಾನೇಜ್‌ಮೆಂಟ್ ಅದನ್ನು ತೋರಿಸುವುದಿಲ್ಲ. ಅಲ್ಲಿ ಸಿ, ಡಿ ಅನ್ನುವ ಅಕ್ಷರಗಳೂ ಇರುವುದಿಲ್ಲ. ಗಾತ್ರ ನೋಡಿಯೇ ಗುರುತು ಹಿಡಿಯಬೇಕು. ನೀವು 400 ಮತ್ತು 514.7 ಅಂತ ಬರೆದುಕೊಂಡಿದ್ದು ಅಲ್ಲಿಗೆ ಬೇಕಾಗುತ್ತದೆ. 400ರ ಸಾಲನ್ನು ಮಾತ್ರ ಆರಿಸಿ ಫಾರ್ಮ್ಯಾಟ್ ಒತ್ತಿ. ಅದೇ ಸಾಲಿನ ಮೇಲೆ ಇದ್ದುಕೊಂಡು ನೆಕ್ಸ್ಟ್. ಬೇರೆ ಯಾವ ಸಾಲನ್ನೂ ಮುಟ್ಟಬೇಡಿ.


ಉತ್ತರ: ಮೇಷ್ಟ್ರು, ಕುಂದಾಪುರ

ದಾವಣಗೆರೆಯವರು ಎಲ್ಲಾ ಹೇಳಿದ್ದಾರೆ. ನನಗೆ ಆದ ಒಂದು ಪೆಟ್ಟನ್ನು ಸೇರಿಸುತ್ತೇನೆ. ಸಿ ಮಾತ್ರ ಫಾರ್ಮ್ಯಾಟ್ ಮಾಡಿಸಿದೆ, ಡಿಯನ್ನು ಯಾರೂ ಮುಟ್ಟಿರಲಿಲ್ಲ. ಹೊಸ ವಿಂಡೋಸ್ ಬಂದ ಮೇಲೆ ಡಿ ಮೇಲೆ ಹಳದಿ ಬೀಗ! ಡಬಲ್ ಕ್ಲಿಕ್ ಮಾಡಿದರೆ 48 ಅಂಕಿಯ ಕೀ ಕೊಡಿ ಅಂದಿತು. ಬಿಟ್‌ಲಾಕರ್ ಅನ್ನುವ, ಡಿಸ್ಕಿಗೆ ಬೀಗ ಹಾಕುವ ಎನ್‌ಕ್ರಿಪ್ಷನ್ ವ್ಯವಸ್ಥೆ ಆನ್ ಆಗಿತ್ತಂತೆ, ನನಗೆ ಗೊತ್ತೇ ಇರಲಿಲ್ಲ. ಹಳೇ ಸಿ ಇರುವ ತನಕ ಡಿ ತಾನಾಗಿ ತೆರೆಯುತ್ತಿತ್ತು, ತೆರೆಯುವ ಕೀ ಸಿ ಒಳಗೇ ಇತ್ತು. ಅದನ್ನೇ ಫಾರ್ಮ್ಯಾಟ್ ಮಾಡಿದ್ದೆವು.

ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಅದರಲ್ಲಿತ್ತು. ನನ್ನ ಪುಣ್ಯ, ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ನೋಡಿದರೆ ಡಿವೈಸಸ್ ಕೆಳಗೆ ಕೀ ಸಿಕ್ಕಿತು. ಆ 48 ಅಂಕಿ ಒಂದೊಂದಾಗಿ ಹೊಡೆಯುವಾಗ ಕೈ ನಡುಗುತ್ತಿತ್ತು. ಮೇಡಂ, ಮೊದಲು ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಇದ್ದರೆ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಆಮೇಲೆ ಆಫ್ ಮಾಡಿ, ಪೂರ್ತಿ ಬಿಚ್ಚುವ ತನಕ ಕಾಯಿರಿ.


ಪ್ರಶ್ನೆ ಕೇಳಿದವರು: ಡಿಟಿಪಿ ಅಕ್ಕ, ತಿಪಟೂರು

ಎಲ್ಲರಿಗೂ ವಂದನೆ. ಡಿಸ್ಕ್ ಗುಡ್ ಅಂತ ಬಂತು. ಎನ್‌ಕ್ರಿಪ್ಷನ್ ಆನ್ ಇತ್ತು ಮೇಷ್ಟ್ರೇ! ನೀವು ಹೇಳದಿದ್ದರೆ ನನ್ನ ಗತಿ ಏನಾಗುತ್ತಿತ್ತು. ಕೀ ಬರೆದಿಟ್ಟುಕೊಂಡು ಆಫ್ ಮಾಡಿದೆ, ಬಿಚ್ಚಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಎರಡು ಪೆನ್‌ಡ್ರೈವ್ ಆಯಿತು. ಫಾಂಟ್ಸ್ ತೆಗೆದೆ.

ಈಗ ಭಾನುವಾರ ಬೆಳಿಗ್ಗೆ, ಇನ್‌ಸ್ಟಾಲ್ ಶುರು ಮಾಡಿ ಅರ್ಧದಲ್ಲಿ ನಿಂತಿದ್ದೇನೆ, ಮೊಬೈಲ್‌ನಿಂದ ಬರೆಯುತ್ತಿದ್ದೇನೆ. ಪಾರ್ಟಿಷನ್ ಪಟ್ಟಿ ಇನ್ನೂ ಬಂದಿಲ್ಲ. ಅದಕ್ಕೂ ಮೊದಲೇ ಒಂದು ಪರದೆ ಬಂದಿದೆ. ಇನ್‌ಸ್ಟಾಲ್ ವಿಂಡೋಸ್ 11, ರಿಪೇರ್ ಮೈ ಪಿಸಿ ಅಂತ ಎರಡು. ಕೆಳಗೆ ಒಂದು ಚೌಕ, ಫೈಲ್ಸ್, ಆ್ಯಪ್ಸ್, ಸೆಟ್ಟಿಂಗ್ಸ್ ಎಲ್ಲವೂ ಅಳಿಸಿಹೋಗುತ್ತದೆ, ಒಪ್ಪಿದ್ದೇನೆ ಅಂತ. ಆ ಟಿಕ್ ಹಾಕದೆ ನೆಕ್ಸ್ಟ್ ಒತ್ತಲು ಬಿಡುತ್ತಿಲ್ಲ. ಎಲ್ಲವೂ ಅಂದರೆ ಡಿ, ರಿಕವರಿ ಎಲ್ಲಾ ಸೇರಿನಾ? ಟಿಕ್ ಹಾಕಲಾ ಬೇಡವಾ? ದಯವಿಟ್ಟು ಯಾರಾದರೂ ಹೇಳಿ.


ಉತ್ತರ: ಹಳೇ ರಿಪೇರಿಯವ, ದಾವಣಗೆರೆ

ಟಿಕ್ ಹಾಕಿ ಅಕ್ಕಾವ್ರೇ. ಆ ಟಿಕ್‌ಗೆ ಏನೂ ಅಳಿಯುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇನ್‌ಸ್ಟಾಲರ್ ಮುಖ ಬದಲಾಗಿದೆ, ಆಗಿನಿಂದ ಈ ಪರದೆ ಎಲ್ಲರನ್ನೂ ಹೆದರಿಸುತ್ತಿದೆ. ಇಷ್ಟು ದಪ್ಪ ಮಾತಿನಲ್ಲಿ ಬರೆಯಬಾರದಿತ್ತು ಅಂತ ನನಗೂ ಅನ್ನಿಸುತ್ತದೆ. ಮುಂದೆ ಲೈಸೆನ್ಸ್ ಒಪ್ಪಿಗೆ ಬರುತ್ತದೆ, ಆಮೇಲೆ ಪಾರ್ಟಿಷನ್ ಪಟ್ಟಿ. ಅಳಿಯುವುದು ಆ ಪಟ್ಟಿಯಲ್ಲಿ ನೀವು ಆರಿಸಿದ ಸಾಲು ಮಾತ್ರ.

ಆ ಪಟ್ಟಿ ಬಂದಾಗ ಫೋಟೋ ತೆಗೆದು ಇಲ್ಲಿ ಸಾಲುಗಳನ್ನು ಬರೆಯಿರಿ. ನಾನು ಮೊಬೈಲ್ ಹಿಡಿದೇ ಕೂತಿರುತ್ತೇನೆ. ಹೊರಗಿನ ಹಾರ್ಡ್ ಡಿಸ್ಕ್ ಈಗ ಲ್ಯಾಪ್‌ಟಾಪ್‌ಗೆ ಚುಚ್ಚಿದ್ದರೆ ಮೊದಲು ಅದನ್ನು ಕಿತ್ತುಬಿಡಿ. ಅದೂ ಪಟ್ಟಿಯಲ್ಲಿ ಸೇರಿಕೊಂಡು ಗೊಂದಲ ಮಾಡುತ್ತದೆ.


ಪ್ರಶ್ನೆ ಕೇಳಿದವರು: ಡಿಟಿಪಿ ಅಕ್ಕ, ತಿಪಟೂರು

ಕಿತ್ತೆ, ಚುಚ್ಚಿಯೇ ಇತ್ತು. ಪಟ್ಟಿ ಬಂತು ಸರ್. ಎಲ್ಲಾ ಡಿಸ್ಕ್ 0. ಪಾರ್ಟಿಷನ್ 1, 260 ಎಂಬಿ, ಸಿಸ್ಟಮ್. 2, 16 ಎಂಬಿ, ಎಂಎಸ್‌ಆರ್. 3, 400 ಜಿಬಿ, ಪ್ರೈಮರಿ. 4, 514.7 ಜಿಬಿ, ಪ್ರೈಮರಿ. 5, 980 ಎಂಬಿ, ರಿಕವರಿ. 6, 15.6 ಜಿಬಿ, ರಿಕವರಿ. ಮೂರನೆಯದೇ ಅಲ್ವಾ?


ಉತ್ತರ: ಹಳೇ ರಿಪೇರಿಯವ, ದಾವಣಗೆರೆ

ಮೂರನೆಯದೇ. ಅದರ ಮೇಲೆ ಕ್ಲಿಕ್ ಮಾಡಿ, ಬಣ್ಣ ಅದೇ ಸಾಲಿನ ಮೇಲೆ ಇದೆಯಾ ಇನ್ನೊಮ್ಮೆ ನೋಡಿ, ಫಾರ್ಮ್ಯಾಟ್ ಪಾರ್ಟಿಷನ್ ಒತ್ತಿ. ಡಿಲೀಟ್ ಅಲ್ಲ. ಡಿಲೀಟ್ ಆದರೂ ಆ ಜಾಗದಲ್ಲೇ ಹಾಕಬಹುದು, ಆದರೆ ಬೇಡ, ಪಟ್ಟಿಯ ರೂಪ ಬದಲಾದರೆ ನಿಮಗೆ ಗಲಿಬಿಲಿ ಆಗುತ್ತದೆ. ಫಾರ್ಮ್ಯಾಟ್ ಆದ ಮೇಲೆ ಬಣ್ಣ ಬೇರೆ ಸಾಲಿಗೆ ಜಿಗಿದಿರಬಹುದು. ಮತ್ತೆ ಮೂರನ್ನೇ ಆರಿಸಿ ನೆಕ್ಸ್ಟ್. ಚಾರ್ಜರ್ ಹಾಕಿರಲಿ.


ಪ್ರಶ್ನೆ ಕೇಳಿದವರು: ಡಿಟಿಪಿ ಅಕ್ಕ, ತಿಪಟೂರು

ಸರ್, ಆಯಿತು! ಸೋಮವಾರ ಮಧ್ಯಾಹ್ನ ಈಗ. ಕೀ ಏನೂ ಕೇಳಲಿಲ್ಲ, ವೈಫೈ ಕೊಟ್ಟ ಮೇಲೆ ಆಕ್ಟಿವೇಟ್ ಅಂತ ತಾನೇ ತೋರಿಸಿತು. ಡಿ ಹಾಗೇ ಇದೆ, ಎಲ್ಲಾ ಫೋಲ್ಡರ್ ತೆರೆದು ನೋಡಿದೆ. ರೀಏಜೆಂಟ್‌ಸಿ ಇನ್ಫೋ ಹೊಡೆದೆ, ಎನೇಬಲ್ಡ್ ಅಂತ ಬಂತು.

ಒಂದು ಅನುಮಾನ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಈಗ ಮೂರು ರಿಕವರಿ ಇದೆ. ಸಿ ಪಕ್ಕದಲ್ಲೇ ಮುಕ್ಕಾಲು ಜಿಬಿಯಷ್ಟು ಹೊಸದೊಂದು ಹುಟ್ಟಿಕೊಂಡಿದೆ, ಸಿ ಅಷ್ಟೇ ಕಮ್ಮಿ ಆಗಿದೆ. ಏನಾದರೂ ತಪ್ಪು ಮಾಡಿದೆನಾ?


ಉತ್ತರ: ಹಳೇ ರಿಪೇರಿಯವ, ದಾವಣಗೆರೆ

ತಪ್ಪೇನಿಲ್ಲ. ವಿಂಡೋಸ್ 11 ತನ್ನ ರಿಪೇರಿ ಪೆಟ್ಟಿಗೆಗೆ ಸಿಯ ಕೊನೆಯಿಂದ ಜಾಗ ಕತ್ತರಿಸಿಕೊಂಡು ಹೊಸ ಮನೆ ಕಟ್ಟಿಕೊಂಡಿದೆ. ಅಪ್‌ಗ್ರೇಡ್ ಮಾಡಿದವರಿಗೂ ಹೀಗೆ ಆಗುವುದುಂಟು. ಹಳೇ 980 ಎಂಬಿಯದಕ್ಕೆ ಈಗ ಕೆಲಸ ಇಲ್ಲ. ಆದರೂ ಅಳಿಸಬೇಡಿ. ಅದು ಇರುವುದು ಡಿ ಮತ್ತು ಕಂಪನಿಯ 15.6ರ ಮಧ್ಯೆ, ಅಳಿಸಿದರೆ ಒಂದು ಜಿಬಿಯೂ ಸಿಗುವುದಿಲ್ಲ. ಕಂಪನಿಯ ರಿಕವರಿ ಅದನ್ನೇ ನೆಚ್ಚಿಕೊಂಡು ಎದ್ದೇಳುವ ಯಂತ್ರಗಳೂ ಇವೆ.

ಕೆಲಸ ನಡೆಯುತ್ತಿದೆಯಾ ಅಂತ ಒಮ್ಮೆ ಪರೀಕ್ಷೆ ಮಾಡಿ. ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ. ಟ್ರಬಲ್‌ಶೂಟ್ ಇರುವ ನೀಲಿ ಪರದೆ ಬಂದರೆ ಸರಿ ಇದೆ, ಕಂಟಿನ್ಯೂ ಒತ್ತಿ ವಾಪಸ್ ಬನ್ನಿ. ಮುಂದೆ ಎಂದಾದರೂ ಇನ್ಫೋದಲ್ಲಿ ಡಿಸೇಬಲ್ಡ್ ಅಂತ ಕಂಡರೆ, ಅದೇ ಕಮಾಂಡ್‌ಗೆ ಇನ್ಫೋ ಬದಲು ಎನೇಬಲ್ ಅಂತ ಹೊಡೆಯಿರಿ.

ಮೇಷ್ಟ್ರ ಮಾತನ್ನು ಇನ್ನೊಮ್ಮೆ ನೆನಪಿಸುತ್ತೇನೆ. ವಿಂಡೋಸ್ 11ನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಬಂದಿದ್ದರೆ ಎನ್‌ಕ್ರಿಪ್ಷನ್ ಮತ್ತೆ ತಾನಾಗಿ ಆನ್ ಆಗಿರುತ್ತದೆ. ಇವತ್ತೇ ನೋಡಿ ಹೊಸ ಕೀ ಬರೆದಿಟ್ಟುಕೊಳ್ಳಿ. ಹಳೇ ಕೀ ಇದಕ್ಕೆ ಆಗುವುದಿಲ್ಲ.

ವೇಗದ ಬಗ್ಗೆ ನಿಜ ಹೇಳಿಬಿಡುತ್ತೇನೆ. ಈಗ ಒಂದಷ್ಟು ದಿನ ಹಗುರ ಅನ್ನಿಸುತ್ತದೆ. ಆದರೆ ತಿರುಗುವ ಹಾರ್ಡ್ ಡಿಸ್ಕ್ ತಿರುಗುವ ಹಾರ್ಡ್ ಡಿಸ್ಕೇ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100%ಕ್ಕೆ ಹೋಗಿ ನಿಲ್ಲುತ್ತಿದ್ದರೆ ಎಸ್‌ಎಸ್‌ಡಿ, ಅಂದರೆ ತಿರುಗದ ವೇಗದ ಡಿಸ್ಕ್, ಹಾಕಿಸುವುದೊಂದೇ ದಾರಿ. 1 ಟಿಬಿಯದೇ ತಗೊಂಡರೆ ಕ್ಲೋನ್‌ಜಿಲ್ಲಾ ಅನ್ನುವ, ಡಿಸ್ಕ್ ನಕಲು (ಕ್ಲೋನ್) ಮಾಡುವ ಸಾಫ್ಟ್‌ವೇರ್‌ನಿಂದ ಇದೇ ಡಿಸ್ಕನ್ನು ಪಾರ್ಟಿಷನ್ ಸಮೇತ ಹಾಗೇ ಎತ್ತಿ ಕೂರಿಸಬಹುದು. ಕ್ಲೋನ್ ಮಾಡುವ ಮೊದಲು ಎನ್‌ಕ್ರಿಪ್ಷನ್ ಆಫ್ ಇರಲಿ. ಎಸ್‌ಎಸ್‌ಡಿಯ ಗಾತ್ರ ಹಳೇ ಡಿಸ್ಕಿಗಿಂತ ಒಂದಿಷ್ಟೂ ಕಮ್ಮಿ ಇರಬಾರದು, ಕೊಳ್ಳುವಾಗ ನೋಡಿ.


ಪ್ರಶ್ನೆ ಕೇಳಿದವರು: ಡಿಟಿಪಿ ಅಕ್ಕ, ತಿಪಟೂರು

ಎನ್‌ಕ್ರಿಪ್ಷನ್ ಆನ್ ಆಗಿಯೇ ಇತ್ತು ಸರ್. ಹೊಸ ಕೀಯನ್ನು ಆರ್ಡರ್ ಪುಸ್ತಕದಲ್ಲೂ ಮನೆಯ ಬೀರುವಿನಲ್ಲೂ ಬರೆದಿಟ್ಟಿದ್ದೇನೆ. ನೀಲಿ ಪರದೆಯೂ ಬಂತು. ಎಸ್‌ಎಸ್‌ಡಿ ಲಗ್ನಗಳು ಮುಗಿದ ಮೇಲೆ ಹಾಕಿಸುತ್ತೇನೆ.

ನುಡಿ ಹಾಕುವ ಮೊದಲು ಒಂದು ಹಳೇ ಪತ್ರಿಕೆ ತೆರೆದೆ. ನೀವು ಹೇಳಿದಂತೆಯೇ ಪೌಂಡ್ ಗುರುತು, ಗೀಟಿನ ಎಗಳು, ಹುಡುಗನ ಹೆಸರೂ ಇಲ್ಲ ಹುಡುಗಿಯ ಹೆಸರೂ ಇಲ್ಲ. ಮೊದಲೇ ಗೊತ್ತಿದ್ದರೂ ಎದೆ ಧಸಕ್ ಅಂದಿತು. ಫಾಂಟ್ಸ್ ಹಾಕಿ ಮತ್ತೆ ತೆರೆದೆ. ಒತ್ತಕ್ಷರ ಸಮೇತ ಎಲ್ಲಾ ಸರಿಯಾಗಿ ಬಂತು. ಈಗಷ್ಟೇ ಇನ್ನೂರು ಪತ್ರಿಕೆ ಪ್ರಿಂಟ್‌ಗೆ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ.